ನಾಟಕ ಆಡ್ತಾನೆ

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಲ್ಲಿ ಕಾಳಿಯ ಗರ್ಭಗುಡಿಯ ಮುಂದೆ ಬಂದು ನಿಲ್ಲಿ. ಹೊರಗಿನ ಬಿಸಿಲಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ನಿಧಾನವಾಗಿ ಬಾಗಿಲ ಎರಡೂ ಪಕ್ಕದಲ್ಲಿ ಬೇತಾಳಗಳು ಮೂಡುತ್ತವೆ. ಮಾಂಸ ಬತ್ತಿದ ಮೈ, ಒಂದೊಂದಾಗಿ ಎಣಿಸಬಹುದಾದ ಪಕ್ಕೆಲುಬು. ಸುಮಾರು 1114ರಲ್ಲಿ ಕುಲ್ಲಹಣ ರಾವುತ ಎಂಬ ವರ್ತಕ, ಹೆಂಡತಿ ಸಹಜಾದೇವಿಯ ಜೊತೆ ಸೇರಿ ಕಟ್ಟಿಸಿದ ಗುಡಿ ಇದು. ಚಿಕ್ಕವನಿದ್ದಾಗ ನಾನು ಆ ಪಕ್ಕೆಲುಬುಗಳನ್ನು ಎಣಿಸುತ್ತಿದ್ದೆ, ಎಣಿಕೆ ಮುಗಿಯುವ ಮೊದಲೇ ಹೆದರಿ ಓಡುತ್ತಿದ್ದೆ.

ಹೋದ ಭಾನುವಾರ ಅಲ್ಲಿಂದ ಹೊರಬಂದಾಗ ತಂಗಿ ಪ್ರಾಕಾರದ ನೆರಳಲ್ಲಿ ಕೂತಿದ್ದಳು. ಅವಳ ಮಗ ದೂರದಲ್ಲಿ, ಕೆರೆ ಏರಿಯ ಮೇಲೆ, ಬೆನ್ನು ತಿರುಗಿಸಿಕೊಂಡಿದ್ದ.

"ಅಣ್ಣ, ಇವನ್ನ ಯಾವ್ದಾದ್ರೂ ಕ್ಯಾಂಪಿಗೆ ಹಾಕ್ಬುಡು. ಕಾಡಲ್ಲಿ ಮೂರು ತಿಂಗಳು ಇಟ್ಕೊಂಡು ಸರಿ ಮಾಡಿ ಕಳಿಸ್ತಾರಂತೆ. ಸ್ಕೂಲ್ ಅಂದ್ರೆ ಹೊಟ್ಟೆನೋವು ಅಂತಾನೆ. ಬರೀ ನಾಟ್ಕ."

ನಾಟಕ. ಆ ಮಾತು ಬಿದ್ದ ಕೂಡಲೇ ನನ್ನೆದುರು ಇನ್ನೊಬ್ಬ ಹುಡುಗ ಬಂದು ನಿಂತ. ಅವನ ಹೆಸರು ಆರನ್ ಬೇಕನ್. ವಯಸ್ಸು ಹದಿನಾರು.

ನೀವೂ ನನ್ನ ಜೊತೆ ಬನ್ನಿ. 1994ರ ಮಾರ್ಚ್ 1, ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಉದ್ದ ಕೂದಲಿನ, ಕವಿತೆ ಬರೆಯುವ ಹುಡುಗ ತನ್ನ ಕೋಣೆಯಲ್ಲಿ ಮಲಗಿದ್ದಾನೆ. ಗಾಂಜಾ ಸೇದಲು ಶುರುಮಾಡಿದ್ದಾನೆ, ಮಾರ್ಕ್ಸು ಇಳಿದಿದೆ. ಬಾಗಿಲು ತೆರೆದು ಗುರುತಿಲ್ಲದ ಗಂಡಸರು ಒಳಗೆ ಬರುತ್ತಾರೆ. ಎದ್ದೇಳು, ಹೊರಡು. ಅಪ್ಪ ಅಮ್ಮ ಅಲ್ಲೇ ಇದ್ದಾರೆ. ಅವರೇ ಹಣ ಕೊಟ್ಟು ಕರೆಸಿದ್ದು. ಮಗನನ್ನು ಉಳಿಸಿಕೊಳ್ಳುತ್ತಿದ್ದೇವೆ ಎಂದೇ ಅವರು ನಂಬಿದ್ದರು. ಈ ಅಪ್ಪ ಅಮ್ಮನನ್ನು ನನಗೆ ಬೈಯಲು ಆಗುವುದಿಲ್ಲ. ನನ್ನ ತಂಗಿಯ ಮುಖದಲ್ಲಿ ಕಂಡದ್ದೂ ಅದೇ ಭಯ.

ಅವನನ್ನು ಒಯ್ದದ್ದು ಯೂಟಾ ರಾಜ್ಯದ ಎಸ್ಕಲಾಂಟೆಗೆ. ಕೆಂಪು ಕಲ್ಲಿನ ಕಣಿವೆಗಳ ಸೀಮೆ, ಎತ್ತರದ ಮರುಭೂಮಿ. ಮರುಭೂಮಿ ಅಂದರೆ ಬಿಸಿಲೆಂದುಕೊಳ್ಳಬೇಡಿ. ಮಾರ್ಚ್ ರಾತ್ರಿ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ನಾರ್ತ್ ಸ್ಟಾರ್ ಎಂಬ ಸಂಸ್ಥೆ ಹಾದಿ ತಪ್ಪಿದ ಮಕ್ಕಳನ್ನು ಕಾಡುಮೇಡಿನಲ್ಲಿ ನಡೆಸಿ ತಿದ್ದುತ್ತೇನೆ ಎನ್ನುತ್ತಿತ್ತು. ಹುಡುಗನ ಹಿಂದೆ ನಡೆಯಿರಿ. ಬೆನ್ನ ಮೇಲಿನ ಮೂಟೆ ಅವನಿಗೆ ಭಾರ. ಹಿಂದೆ ಬೀಳುತ್ತಾನೆ. ಹಿಂದೆ ಬಿದ್ದವನಿಗೆ ಶಿಕ್ಷೆ. ಎಷ್ಟೋ ರಾತ್ರಿ ಮಲಗುವ ಚೀಲವಿಲ್ಲ, ಮೈ ಮೇಲೆ ತೆಳು ಹೊದಿಕೆಯೊಂದೇ. ಇಂಥ ಶಿಬಿರಗಳಲ್ಲಿ ಕಡ್ಡಿಗೆ ಕಡ್ಡಿ ಉಜ್ಜಿ ಬೆಂಕಿ ಮಾಡಬೇಕು. ನಮ್ಮಲ್ಲಿ ಯಜ್ಞಕ್ಕೆ ಅರಣಿ ಕಡೆಯುತ್ತಾರಲ್ಲ, ಹಾಗೆ. ಬೆಂಕಿ ಹೊತ್ತದಿದ್ದರೆ ಬೇಯಿಸಿದ ಊಟವಿಲ್ಲ. ಹೆಪ್ಪುಗಟ್ಟಿದ ಬೆರಳಲ್ಲಿ ಕೋಲು ಹಿಡಿದು ನೋಡಿ, ಎಷ್ಟು ಹೊತ್ತು ಕಡೆಯುತ್ತೀರಿ?

ಕಣಿವೆಯಲ್ಲಿ ಕಳೆದ ಇಪ್ಪತ್ತು ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಅವನ ಹೊಟ್ಟೆಗೆ ಏನೂ ಬೀಳಲಿಲ್ಲ.

ಅವನ ಹತ್ತಿರ ಒಂದು ಡೈರಿ ಇತ್ತು. ಹಸಿವು, ಚಳಿ, ಹೊಟ್ಟೆನೋವು ಎಲ್ಲ ಅದರಲ್ಲಿತ್ತು. ಬಾಯಲ್ಲೂ ಹೇಳಿದ. ಕಾವಲಿಗಿದ್ದವರು ನಂಬಲಿಲ್ಲ. ಮಲಮೂತ್ರದ ಹಿಡಿತ ತಪ್ಪಿತು, ಆಗಲೂ ನಂಬಲಿಲ್ಲ. ಬಿದ್ದ, ಎದ್ದ, ಮತ್ತೆ ಬಿದ್ದ. ನಾಟಕ ಆಡ್ತಾನೆ ಎಂದರು. ಮಕ್ಕಳು ಸುಳ್ಳು ಹೇಳಿ ಮನೆಗೆ ಬರಲು ನೋಡುತ್ತಾರೆ, ನಂಬಬೇಡಿ ಎಂದು ಇಂಥ ಕಡೆಗಳಲ್ಲಿ ಹೆತ್ತವರಿಗೆ ಮೊದಲೇ ಹೇಳಿಟ್ಟಿರುತ್ತಾರೆ. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇದು. ಚಳಿಗಿಂತ, ಹಸಿವಿಗಿಂತ. ಮಗು ಬಾಯಿ ತೆರೆಯುವ ಮೊದಲೇ ಅದರ ಮಾತನ್ನು ಸುಳ್ಳು ಮಾಡಿಟ್ಟಿರುವುದು.

ಮಾರ್ಚ್ 31ರಂದು ಆರನ್ ಕುಸಿದ, ಮತ್ತೆ ಏಳಲಿಲ್ಲ. ಹೊಟ್ಟೆಯೊಳಗಿನ ಹುಣ್ಣು ತೂತಾಗಿ, ಸೋಂಕು ಒಳಗೆಲ್ಲ ಹರಡಿತ್ತು. ಹೋಗುವಾಗ ಸುಮಾರು 59 ಕೆಜಿ ಇದ್ದವನು 49 ಕೆಜಿಗೆ ಇಳಿದಿದ್ದ. ಶವಾಗಾರದಲ್ಲಿ ಹೆತ್ತವರಿಗೆ ಮಗನ ಗುರುತು ಹತ್ತಿದ್ದು ಚಿಕ್ಕಂದಿನ ಒಂದು ಗಾಯದ ಕಲೆಯಿಂದ.

ಸಂಸ್ಥೆಯ ಕೆಲವರು ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದೆವೆಂದು ಕೋರ್ಟಿನಲ್ಲಿ ಒಪ್ಪಿಕೊಂಡರು. ಅಪ್ಪ ಬಾಬ್ ಬೇಕನ್ 2007ರ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಇದನ್ನೆಲ್ಲ ಹೇಳಿದರು. ಅಷ್ಟಾದರೂ 2024ರ ಫೆಬ್ರವರಿಯಲ್ಲಿ ಉತ್ತರ ಕೆರೊಲಿನಾದ ಇನ್ನೊಂದು ಶಿಬಿರದಲ್ಲಿ ಹನ್ನೆರಡು ವರ್ಷದ ಹುಡುಗ ಬಂದ ಮೊದಲ ರಾತ್ರಿಯೇ ಸತ್ತ. ಮುಚ್ಚಿದ ಪುಟ್ಟ ಡೇರೆಚೀಲದೊಳಗೆ, ಉಸಿರು ಕಟ್ಟಿ. ಆ ವರ್ಷದ ಕೊನೆಗೆ ಇಂಥ ಜಾಗಗಳಲ್ಲಿ ಮಕ್ಕಳ ಮೇಲಿನ ಹಿಂಸೆ ತಡೆಯಲೆಂದು ಕೇಂದ್ರ ಕಾನೂನೊಂದು ಅಲ್ಲಿ ಬಂತು. ಆರನ್ ಸತ್ತು ಮೂವತ್ತು ವರ್ಷ ಆಗಿತ್ತು.

ಇಷ್ಟನ್ನೂ ನಾನು ತಂಗಿಗೆ ಹೇಳಿದೆ. ನಮ್ಮಲ್ಲೂ 2015ರ ಬಾಲನ್ಯಾಯ ಕಾಯ್ದೆಯಿದೆ, ತಮ್ಮ ವಶದಲ್ಲಿರುವ ಮಗುವನ್ನು ಹಿಂಸಿಸಿದವರಿಗೆ ಜೈಲು ಎಂದೂ ಹೇಳಿದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. "ಅವರಮ್ಮ ಡೈರಿ ಓದಿದ್ಲಾ?" ಎಂದಳು. ನನ್ನಿಂದ ಉತ್ತರ ಬರಲಿಲ್ಲ.

ಏರಿಯ ಕಡೆ ನಡೆದೆ. ಹುಡುಗ ತಿರುಗಲಿಲ್ಲ. ಮೊಣಕಾಲು ಎದೆಗೆ ಅವುಚಿಕೊಂಡಿದ್ದ. ನೆಲದ ಮೇಲೆ ಮೊಬೈಲು ಬೋರಲು ಬಿದ್ದಿತ್ತು. ಕೆರೆಯಲ್ಲಿ ನೀರು ಕಮ್ಮಿ, ಗುಡಿಯ ಶಿಖರ ಮಾತ್ರ ಅದರಲ್ಲಿ ಅಲುಗಾಡುತ್ತಿತ್ತು. ಪಕ್ಕದಲ್ಲಿ ಕೂತೆ. ನಾನೇನೋ ಬುದ್ಧಿ ಹೇಳುತ್ತೇನೆಂದು ಅವನು ಮೈ ಬಿಗಿ ಹಿಡಿದದ್ದು ತಿಳಿಯಿತು.

"ಎಲ್ಲಿ ನೋಯ್ತದೆ ಮಗ?"

ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಮೊಣಕಾಲು ಇಳಿಸಿ, ಅಂಗಿ ಎತ್ತಿ, ಪಕ್ಕೆಲುಬು ಮುಗಿಯುವ ಕಡೆ ಒಂದೇ ಬೆರಳಿಟ್ಟು ತೋರಿಸಿದ.

"ಇಲ್ಲಿ ಮಾವ. ರಾತ್ರಿ ಹೊತ್ತು ಜಾಸ್ತಿ."