ಬೆಳಗ್ಗೆ ಹೋಗಿ ರಾತ್ರಿ ಬಂದ ಮದರಾಸು

ಓದುಗ ಸೋದರಿಯರೇ, ನಿಮ್ಮದೊಂದು ಅಭಿಪ್ರಾಯ ಬೇಕು. ಪಕ್ಕದ ರಾಜ್ಯದ ರಾಜಧಾನಿಯಲ್ಲಿ ನಿಮ್ಮ ಅಕ್ಕನೋ ತಂಗಿಯೋ ಇದ್ದಾಳೆ ಅಂತಿಟ್ಟುಕೊಳ್ಳಿ. ಬೆಳಗ್ಗೆ ಹೊರಟು, ಮಧ್ಯಾಹ್ನ ಊಟ ಮಾಡಿ, ರಾತ್ರಿಗೆ ಮನೆ ಸೇರಿಬಿಡಬಹುದು. ಹಾಗೆ ಹೋಗಿ ಬರುವುದು ಸಾರ್ಥಕವೋ, ದುಡ್ಡು ದಂಡವೋ?

"ಹತ್ತು ಗಂಟೆ ರೈಲಲ್ಲಿ ಕೂತು ನಾಲ್ಕು ಗಂಟೆ ಮಾತಾಡೋಕೆ ಯಾರಾದ್ರೂ ಹೋಗ್ತಾರೇನೇ?" ಅಂತ ನಮ್ಮ ಇವರು ಕೇಳಿದ್ದರು. ನಮ್ಮತ್ತೆಯವರದು ಇನ್ನೊಂದು ರಾಗ. "ಒಡಹುಟ್ಟಿದವಳ ಮನೆಗೆ ಹೋಗಿ ಒಂದು ರಾತ್ರಿನೂ ಉಳೀದೆ ಬರೋದು ಮರ್ಯಾದೆ ಅಲ್ಲಮ್ಮ. ಹೋದ್ರೆ ನಾಲ್ಕು ದಿನ ಇದ್ದು ಬಾ, ಇಲ್ದಿದ್ರೆ ಹೋಗ್ಲೇಬೇಡ." ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಆದರೆ ನನ್ನ ಹತ್ತಿರ ಆ ನಾಲ್ಕು ದಿನ ಇರಲಿಲ್ಲ.

ನಾವಿರುವುದು ಲಗ್ಗೆರೆಯಲ್ಲಿ. ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿನ ಹಳ್ಳಿ, ಈಗ ರಿಂಗ್ ರಸ್ತೆಗೆ ಅಂಟಿಕೊಂಡ ಬಡಾವಣೆ. ಪಕ್ಕದಲ್ಲೇ ಪೀಣ್ಯ. ನಮ್ಮ ಬೀದಿಯ ಅರ್ಧ ಹೆಂಗಸರು ಗಾರ್ಮೆಂಟ್ಸಿಗೆ ಹೋಗುವವರು, ಗಂಡಸರು ಸಣ್ಣಪುಟ್ಟ ಕಾರ್ಖಾನೆಗಳಿಗೆ. ಇವರದೂ ಅಲ್ಲೇ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ, ವಾರಕ್ಕೊಂದೇ ರಜಾ. ಅತ್ತೆಗೆ ಸಕ್ಕರೆ ಕಾಯಿಲೆ. ಬೆಳಗ್ಗೆ, ರಾತ್ರಿ ಇನ್ಸುಲಿನ್ ಚುಚ್ಚಬೇಕು. ಮಗನಿಗೆ ಎರಡನೇ ಪಿಯುಸಿ, ಮಾರ್ಚಿನಲ್ಲಿ ಪರೀಕ್ಷೆ. ಇಂಥ ಮನೆ ಬಿಟ್ಟು ನಾಲ್ಕು ದಿನ ಹೇಗೆ ಹೋಗುವುದು, ನೀವೇ ಹೇಳಿ.

ಅಕ್ಕ ಇರುವುದು ಚೆನ್ನೈಯ ಪೆರಂಬೂರಿನಲ್ಲಿ. ಊರಿನ ಹೆಸರು 1996ರಲ್ಲೇ ಬದಲಾಗಿದ್ದರೂ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ಇನ್ನೂ ಮದರಾಸೇ. ಭಾವ ಅಲ್ಲಿನ ರೈಲು ಡಬ್ಬಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 2024ರ ದೀಪಾವಳಿಗೆ ಮುಂಚೆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಆಯಿತು. ದಿನಾ ವಿಡಿಯೋದಲ್ಲಿ ಮಾತಾಡುತ್ತಿದ್ದೆವು. ಕೇಳಿದಾಗೆಲ್ಲ "ಚೆನ್ನಾಗಿದ್ದೀನಿ ಕಣೇ" ಅನ್ನುವುದೊಂದೇ ಉತ್ತರ. ಫೋನಿನಲ್ಲಿ ಕಾಣುವುದು ಮುಖ ಮಾತ್ರ. ಅಷ್ಟೇ ನೋಡಿಕೊಂಡು ಎರಡು ತಿಂಗಳು ಕಳೆದವು. "ಪರೀಕ್ಷೆ ಮುಗೀಲಿ, ಏಪ್ರಿಲ್‌ನಲ್ಲಿ ಹಾಯಾಗಿ ಹೋಗಿ ಬಾ" ಅಂದರು ಇವರು. ಏಪ್ರಿಲ್‌ ಹೊತ್ತಿಗೆ ಮದರಾಸಿನ ಬಿಸಿಲು ಹೇಗಿರುತ್ತದೆ ಅನ್ನುವುದು ಬೇರೆ ಮಾತು. ಅಲ್ಲಿಯವರೆಗೆ ನನ್ನ ಮನಸ್ಸು ತಡೆಯಬೇಕಲ್ಲ!

ಹಾಗಾಗಿ ಒಂದು ರಾತ್ರಿ ಪಾತ್ರೆ ತೊಳೆದಿಟ್ಟು, ಮಗನ ಹತ್ತಿರ ರೈಲಿನ ವೇಳೆ ಕೇಳಿಕೊಂಡು, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತ ಕೂತೆ.

ಬೆಂಗಳೂರಿಗೂ ಮದರಾಸಿಗೂ ರೈಲಿನ ನಂಟು ಹಳೆಯದು. ಜೋಲಾರಪೇಟೆಯಿಂದ ನಮ್ಮ ದಂಡಿನ ನಿಲ್ದಾಣಕ್ಕೆ ಹಳಿ ಬಂದದ್ದು 1864ರಲ್ಲಿ. ಸರಿಯಾಗಿ ನೂರು ವರ್ಷಕ್ಕೆ, 1964ರಲ್ಲಿ, ಬೃಂದಾವನ ಎಕ್ಸ್‌ಪ್ರೆಸ್ ಶುರುವಾಯಿತು. ಅದು ಮದರಾಸಿನಿಂದ ಬೆಳಗ್ಗೆ ಹೊರಡುವ ಗಾಡಿ, ನಮ್ಮ ಕೆಲಸಕ್ಕೆ ಬಾರದು. ನಮಗೆ ಒದಗುವವು ಇಲ್ಲಿಂದ ಬೆಳಗ್ಗೆ ಹೊರಡುವವು. ಲಾಲ್‌ಬಾಗ್ ಎಕ್ಸ್‌ಪ್ರೆಸ್ ಅಗ್ಗ, ಆದರೆ ಮಧ್ಯಾಹ್ನ ಹನ್ನೆರಡು ದಾಟಿಸಿ ತಲುಪಿಸುತ್ತದೆ. ಅದೇ ಹೆಸರಿನ ಗಾಡಿಯಲ್ಲಿ ವಾಪಸ್ಸು ಬರಬೇಕೆಂದರೆ ಮೂರೂವರೆಗೆಲ್ಲ ಹತ್ತಬೇಕು. 2024ರ ಮಾರ್ಚಿನಲ್ಲಿ ಶುರುವಾದ ಎರಡನೇ ವಂದೇ ಭಾರತ್ ಮೈಸೂರಿನಿಂದ ಬೆಳಗ್ಗೆ ಹೊರಟು ಸಂಜೆ ಅತ್ತಲಿಂದ ಹಿಂತಿರುಗುತ್ತದೆ. ಮೈಸೂರು ಕಡೆಯವರಿಗೆ ಅದು ವರ. ಆದರೆ ಬೆಂಗಳೂರಿನಲ್ಲಿ ಅದು ಬಯ್ಯಪ್ಪನಹಳ್ಳಿಯ ಹೊಸ ಟರ್ಮಿನಲ್ಲಿಗೆ ಬರುತ್ತದೆ. ಲಗ್ಗೆರೆಯವರಿಗೆ ಅದು ಊರಿನ ಆ ತುದಿ. ಉಳಿದದ್ದು ಶತಾಬ್ದಿ. ಮೆಜೆಸ್ಟಿಕ್ಕಿನಿಂದ ಬೆಳಗ್ಗೆ 6ರ ಸುಮಾರಿಗೆ ಹೊರಟು 11ಕ್ಕೆ ತಲುಪುತ್ತದೆ. ಸಂಜೆ ಐದೂವರೆಗೆ ಅಲ್ಲಿ ಹತ್ತಿದರೆ ರಾತ್ರಿ ಹತ್ತೂವರೆಗೆ ಇಲ್ಲಿ. (ಈ ವೇಳೆಗಳು ಆಗಾಗ ಬದಲಾಗುತ್ತವೆ. ಶತಾಬ್ದಿ ವಾರಕ್ಕೊಂದು ದಿನ ಓಡುವುದೂ ಇಲ್ಲ. ಹೊರಡುವವರು ವಿಚಾರಿಸಿಕೊಂಡೇ ಟಿಕೆಟ್ ತೆಗೆಯಿರಿ.)

ಇನ್ನು ದುಡ್ಡು. ಹೋಗಲು ಸಾವಿರ, ಬರಲು ಸಾವಿರದ ಆಸುಪಾಸು, ಮೇಲೆ ಆಟೋ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬೀದಿಯ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆಯಾಗಿ ಧರ್ಮಸ್ಥಳಕ್ಕೆ, ಹಾಸನಾಂಬೆಗೆ ಹೋಗಿ ಬರುತ್ತಾರೆ. ಮದರಾಸಿಗೆ ಆ ಭಾಗ್ಯವಿಲ್ಲ. ಚೀಟಿ ದುಡ್ಡಿನಲ್ಲಿ ಮಿಕ್ಸಿಗೆ ಅಂತ ತೆಗೆದಿಟ್ಟದ್ದು ಸ್ವಲ್ಪ ಇತ್ತು. ಮಿಕ್ಸಿ ಇನ್ನೂ ಆರು ತಿಂಗಳು ಕಿರುಚಿಕೊಂಡೇ ರುಬ್ಬಲಿ ಅಂದುಕೊಂಡೆ.

ಕೊನೆಗೆ ಗಂಟೆಗಳನ್ನು ಕೂಡಿಸಿ ಕಳೆದರೆ, ಮನೆಯಿಂದ ಹೊರಗೆ ಹದಿನೆಂಟು ಗಂಟೆ, ಅಕ್ಕನ ಹತ್ತಿರ ನಾಲ್ಕೂಮುಕ್ಕಾಲು. ಹಾಳೆಯ ಮೇಲೆ ನೋಡಿದರೆ ಶುದ್ಧ ನಷ್ಟದ ಬಾಬತ್ತು! ಆದರೂ ಒಂದು ಯೋಚನೆ ಬಂತು. ಕಾಯಿಲೆಯವರಿರುವ ಮನೆಗೆ ನಾನು ನಾಲ್ಕು ದಿನ ಹೋಗಿ ಕೂತರೆ ಹಾಸಿಗೆ ಹಾಸುವವರು ಯಾರು, ಮೂರು ಹೊತ್ತು ಅಡಿಗೆ ಮಾಡುವವರು ಯಾರು? ಅಕ್ಕನ ಸೊಸೆಯೇ. ಅವಳಿಗೆ ಸೋಮವಾರದಿಂದ ಶನಿವಾರದವರೆಗೆ ಕೆಲಸ, ಎದ್ದರೆ ಬಿದ್ದರೆ ಅತ್ತೆಯ ಸೇವೆ. ಉಳಿಯಲು ಹೋದ ನೆಂಟರು ಅವಳಿಗೆ ಇನ್ನೊಂದು ಹೊರೆ. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಹೊರಡುವವರು ಹೊರೆಯಲ್ಲ. ಇದನ್ನು ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ನಿಜ ಅನ್ನು. ನಿನ್ನ ಗಂಡನಿಗೆ ಸೂಜಿ ಚುಚ್ಚೋದು ಹೇಳಿಕೊಟ್ಟು ಹೋಗು" ಅಂದರು. ಇವರಿಗೆ ಕಬ್ಬಿಣ ಕೊರೆಯಲು ಕೈ ನಡುಗದು, ಆ ಸಣ್ಣ ಸೂಜಿ ಹಿಡಿದಾಗ ಮಾತ್ರ ಬೆವರು!

2025ರ ಸಂಕ್ರಾಂತಿ ಕಳೆದ ಭಾನುವಾರಕ್ಕೆ ಟಿಕೆಟ್ ತೆಗೆಸಿದೆ. ಸಂಕ್ರಾಂತಿ ಅಂದರೆ ಅವರೆಕಾಯಿಯ ಕಾಲ ತಾನೇ? ನಮ್ಮ ಕಡೆಯ ಸೊಗಡಿನ ಅವರೆಕಾಯಿ ಅಂದರೆ ಅಕ್ಕನಿಗೆ ಪ್ರಾಣ. ಶನಿವಾರ ಬೆಳಗ್ಗೆಯೇ ಕಾಳು ಬಿಡಿಸಿ ನೆನೆಹಾಕಿ, ರಾತ್ರಿ ಮನೆಮಂದಿಯೆಲ್ಲ ಟಿ.ವಿ. ಮುಂದೆ ಕೂತು ಹಿತುಕಿದೆವು. ದೂರಕ್ಕೆ ಒಯ್ಯುವವರಿಗೆ ಒಂದು ಮಾತು. ತೆಂಗಿನಕಾಯಿ ಹಾಕಿ ರುಬ್ಬಿದ ಮಸಾಲೆ ದಾರಿಯಲ್ಲಿ ಹಳಸುತ್ತದೆ. ಬೇಳೆಯನ್ನು ನೀರು ಬಸಿದು ರಾತ್ರಿ ಫ್ರಿಜ್‌ನಲ್ಲಿಟ್ಟು, ಬೆಳಗ್ಗೆ ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿ ಒಯ್ಯಿರಿ. ಧನಿಯಾ, ಚಕ್ಕೆ, ಲವಂಗ, ಗಸಗಸೆ ಹುರಿದು ಪುಡಿ ಮಾಡಿ ಬೇರೆ ಕಟ್ಟಿಕೊಳ್ಳಿ. ಕಾಯಿ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಅಲ್ಲೇ ಸಿಗುತ್ತವೆ. ಅವುಗಳ ಜೊತೆ ಪುಡಿ ಸೇರಿಸಿ ರುಬ್ಬಿ, ಈರುಳ್ಳಿ ಒಗ್ಗರಣೆಗೆ ಹಾಕಿ ಬಾಡಿಸಿ, ಬೇಳೆ, ಅರಿಶಿನ, ಉಪ್ಪು, ಬೇಕಾದಷ್ಟು ನೀರು ಸೇರಿಸಿ ಕುದಿಸಿದರೆ ಆಯಿತು. ಬೇಳೆ ಮೆತ್ತಗಾಗಬೇಕು, ಕರಗಬಾರದು.

ಬೆಳಗ್ಗೆ ಐದಕ್ಕೆ ಇವರ ಸ್ಕೂಟರಿನಲ್ಲಿ ಮೆಜೆಸ್ಟಿಕ್ಕು. ನಾನು ಒಬ್ಬಳೇ ಅಷ್ಟು ದೂರ ಹೊರಟದ್ದು ಅದೇ ಮೊದಲು. ಪಕ್ಕದ ಸೀಟಿನಲ್ಲಿ ಎಕ್ಸ್‌ರೇ ಕವರು ಹಿಡಿದ ತಾಯಿಯೊಬ್ಬರು ಕೂತಿದ್ದರು. ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿನ ಆಸ್ಪತ್ರೆಗೆ ಹೋಗುವವರು. ಅವರ ಜೊತೆ ಮಾತಾಡುತ್ತ ಕೂತವಳಿಗೆ ಬಂಗಾರಪೇಟೆ ದಾಟಿದ್ದೇ ಗೊತ್ತಾಗಲಿಲ್ಲ.

ಹನ್ನೊಂದೂಮುಕ್ಕಾಲಿಗೆ ಅಕ್ಕನ ಮನೆ ಬಾಗಿಲು. ಅಕ್ಕ ಮಂಚದ ಮೇಲಿದ್ದಳು. ಫೋನಿನಲ್ಲಿ ಕಾಣದ್ದೆಲ್ಲ ಆಗ ಕಂಡಿತು. ಕೈ ಕಡ್ಡಿಯಾಗಿತ್ತು. ತಲೆಯ ಹಿಂಭಾಗ ಗಂಟುಗಂಟಾಗಿ ಜಡೆ ಹಾಕುವಂತೆಯೇ ಇರಲಿಲ್ಲ. ಮೂಲೆಯಲ್ಲಿ ವಾಕರ್, ಅದರ ಮೇಲೆ ಭಾವನ ಪಂಚೆ ಒಣಗುತ್ತಿತ್ತು!

ಸೊಸೆ ನನ್ನನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು. "ಡಾಕ್ಟ್ರು ದಿನಾ ನಡೀಬೇಕು ಅಂದಿದಾರೆ ಚಿಕ್ಕಮ್ಮ. ನಾವು ಹೇಳಿದ್ರೆ ನಾಳೆ ಅಂತಾರೆ. ಮತ್ತೆ ಬಿದ್ದುಬಿಡ್ತೀನಿ ಅಂತ ಭಯ." ಆ ಹುಡುಗಿಯ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. "ಸಂಜೆ ನಾಲ್ಕರವರೆಗೆ ನಾನಿದ್ದೀನಿ. ನೀನು ನಿಮ್ಮಮ್ಮನ ಮನೆಗಾದ್ರೂ ಹೋಗು, ಮಲಗಾದ್ರೂ ಮಲಗು" ಅಂದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮೂರು ಗಂಟೆ ನಿದ್ದೆ ಮಾಡಿದಳು.

ನಾನು ಎಣ್ಣೆ ಬಿಸಿ ಮಾಡಿ ಅಕ್ಕನ ತಲೆಗೆ ಹಾಕಿ, ಒಂದೊಂದೇ ಗಂಟು ಬಿಡಿಸಿದೆ. ಅದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಸಾರಿಗೆ ಇಟ್ಟೆ. ಅವರೆಯ ಘಮ ಹಬ್ಬುತ್ತಿದ್ದಂತೆ ಅಕ್ಕ ಒಳಗಿನಿಂದಲೇ, "ಗಸಗಸೆ ಜಾಸ್ತಿ ಹಾಕಿದ್ದೀಯೇನೇ?" ಅಂದಳು. "ನೀನೇ ಬಂದು ನೋಡು" ಅಂದೆ. "ನಾನು ಹೇಗೆ ಬರಲಿ?" "ಹೇಗೆ ಅಂದ್ರೆ, ಕಾಲಲ್ಲಿ." ಪಂಚೆ ತೆಗೆದು ವಾಕರ್ ಮುಂದಿಟ್ಟೆ. ಭಾವ ಒಂದು ಕಡೆ, ನಾನೊಂದು ಕಡೆ. ಮಂಚದಿಂದ ಅಡಿಗೆಮನೆ ಹೊಸ್ತಿಲಿಗೆ ಹನ್ನೊಂದು ಹೆಜ್ಜೆ. ಆರನೆಯದಕ್ಕೆ ನಿಂತು ಅತ್ತಳು. ಹನ್ನೊಂದನೆಯದಕ್ಕೆ ಸೌಟು ಈಸಿಕೊಂಡು ರುಚಿ ನೋಡಿ, "ಉಪ್ಪು ಸಾಲದು" ಅಂದಳು.

ನಾಲ್ಕೂವರೆಗೆ ಹೊರಟೆ. "ಬಂದ ಹಾಗೇ ಆಗಲಿಲ್ಲವಲ್ಲೇ" ಅಂತ ಅಕ್ಕ ಕೈ ಹಿಡಿದುಕೊಂಡಳು. ಭಾವ ಮಾತ್ರ ನಕ್ಕರು. ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆ 1955ರಲ್ಲಿ ಡಬ್ಬಿ ಮಾಡಲು ಶುರು ಮಾಡಿದ್ದು. 2018ರಲ್ಲಿ ವಂದೇ ಭಾರತಿನ ಮೊದಲ ರೈಲು ತಯಾರಾದದ್ದೂ ಅಲ್ಲೇ. "ನಾವು ಇಷ್ಟು ವರ್ಷ ಡಬ್ಬಿ ಮಾಡಿದ್ದು ಯಾತಕ್ಕಮ್ಮ? ಹೀಗೆ ಬಂದು ಹೋಗಲಿ ಅಂತಲೇ" ಅಂದರು. ರಾತ್ರಿ ಹನ್ನೊಂದೂಕಾಲಿಗೆ ಲಗ್ಗೆರೆ. ಅತ್ತೆಗೆ ಇನ್ಸುಲಿನ್ ಆಗಿತ್ತು, ಅಡಿಗೆಮನೆ ಮಾತ್ರ ರಣರಂಗವಾಗಿತ್ತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಊರು ನೋಡುವ ಆಸೆಯಿಂದ ಹೋಗುವುದಾದರೆ ಒಂದೇ ದಿನಕ್ಕೆ ಹೋಗಬೇಡಿ, ನಿರಾಸೆಯಾಗುತ್ತದೆ. ನೀವು ಹೋಗಿ ಇಳಿಯುವ ಹೊತ್ತಿಗೆ ಮೈಲಾಪುರದ ಕಪಾಲೀಶ್ವರನ ಗುಡಿ ಮಧ್ಯಾಹ್ನದ ಬಾಗಿಲು ಹಾಕುವ ಸಮಯ. ಮತ್ತೆ ತೆರೆಯುವ ಹೊತ್ತಿಗೆ ನೀವು ಸ್ಟೇಷನ್ ಕಡೆ ಓಡಬೇಕು. ಮರೀನಾದ ಮರಳು ನಡುಮಧ್ಯಾಹ್ನ ಕಾದ ಹೆಂಚು. ತ್ಯಾಗರಾಯನಗರದಲ್ಲಿ ಸೀರೆ ಆರಿಸಲು ಹೊಕ್ಕರೆ ಗಡಿಯಾರ ನೋಡುವವರು ಯಾರು? ಒಂದೇ ಒಂದು ಜಾಗ ಸಾಕು ಅನ್ನುವವರಿಗೆ ಎಗ್ಮೋರಿನ ಸರ್ಕಾರಿ ಮ್ಯೂಸಿಯಂ ಇದೆ. 1851ರಲ್ಲಿ ಶುರುವಾದದ್ದು, ಹಳೆಯ ಕಂಚಿನ ವಿಗ್ರಹಗಳಿಗೆ ಹೆಸರಾದದ್ದು. ಸೆಂಟ್ರಲ್‌ನಿಂದ ಮೆಟ್ರೋದಲ್ಲಿ ಒಂದೇ ನಿಲ್ದಾಣ. ಶುಕ್ರವಾರ ಮಾತ್ರ ರಜಾ.

ಒಬ್ಬರನ್ನು ನೋಡಲು ಹೋಗುವುದಾದರೆ ಲೆಕ್ಕವೇ ಬೇರೆ. ನಾನು ಕಂಡುಕೊಂಡ ಅಳತೆ ಇಷ್ಟು: ಒಂದು ಕಡೆಯ ಹಾದಿ ಐದು ಗಂಟೆ ಮೀರಬಾರದು, ಅಲ್ಲಿ ಕೈಗೆ ನಾಲ್ಕು ಗಂಟೆಯಾದರೂ ಸಿಗಬೇಕು, ಕೆಲಸ ಒಂದೇ ಇರಬೇಕು. ಈ ಅಳತೆಯಲ್ಲಿ ಬೀದರಿನವರಿಗೆ ಹೈದರಾಬಾದು ಸುಲಭ, ಕಾರವಾರದವರಿಗೆ ಪಣಜಿ ಇನ್ನೂ ಸುಲಭ. ಕಾಸರಗೋಡಿನವರಿಗೆ ತಿರುವನಂತಪುರ ಆಗದು. 2023ರಲ್ಲಿ ವಂದೇ ಭಾರತ್ ಬಂದ ಮೇಲೂ ಎಂಟು ಗಂಟೆಯ ಹಾದಿ ಅದು.

ಅಕ್ಕ ಈಗ ಫೋನಿನಲ್ಲಿ "ಚೆನ್ನಾಗಿದ್ದೀನಿ" ಅನ್ನುವುದಿಲ್ಲ. ಎಷ್ಟು ಹೆಜ್ಜೆ ನಡೆದೆ ಅಂತ ಲೆಕ್ಕ ಒಪ್ಪಿಸುತ್ತಾಳೆ. ಆ ಭಾನುವಾರ ಕಳೆದು ತಿಂಗಳಾಗುವ ಹೊತ್ತಿಗೆ ಬೀದಿ ಬಾಗಿಲವರೆಗೆ ಹೋಗಿ ಹೂವಿನವಳ ಹತ್ತಿರ ಚೌಕಾಸಿ ಮಾಡಿದ್ದಳಂತೆ.

ನಿಮ್ಮ ಮನೆಯಲ್ಲೂ "ನಾಲ್ಕು ದಿನ ಬಿಡುವಾಗಲಿ, ಹೋಗೋಣ" ಅಂತ ಮುಂದಕ್ಕೆ ಹಾಕಿದ ಹೆಸರೊಂದು ಇದ್ದೀತು. ಆ ನಾಲ್ಕು ದಿನ ನಮ್ಮಂಥವರಿಗೆ ಯಾವಾಗ ಸಿಕ್ಕೀತು ಹೇಳಿ? ಭಾನುವಾರವಾದರೆ ವಾರಕ್ಕೊಂದು ಬರುತ್ತದೆ.