ಮಾವನ ಲೇತಿಗೊಂದು ಡಿಸ್‌ಪ್ಲೇ

ನಮ್ಮ ಆಫೀಸುಗಳಲ್ಲಿ ಡ್ಯಾಶ್‌ಬೋರ್ಡ್ ಇಲ್ಲದ ಗೋಡೆ ಇಲ್ಲ. ಸರ್ವರ್ ಎಷ್ಟು ಬಿಸಿ ಆಗಿದೆ, ಎಷ್ಟು ಜನ ಲಾಗಿನ್ ಆಗಿದ್ದಾರೆ, ಎಷ್ಟು ಜನ ಬೈದು ಹೋಗಿದ್ದಾರೆ, ಎಲ್ಲಕ್ಕೂ ಒಂದೊಂದು ನಂಬರು. ಅದನ್ನೆಲ್ಲ ಕಟ್ಟೋದೇ ನನ್ನ ಹೊಟ್ಟೆಪಾಡು. ಆದರೆ ಇಷ್ಟು ವರ್ಷದಲ್ಲಿ ನಾನು ಕಟ್ಟಿದ ಡಿಸ್‌ಪ್ಲೇಗಳಲ್ಲಿ ನಿಜವಾಗಿ ಒಬ್ಬರ ದಿನ ಬದಲಾಯಿಸಿದ್ದು ಒಂದೇ. ಅದು ತಿಪಟೂರಿನ ಕಡೆ ಒಂದು ಶೀಟಿನ ಶೆಡ್ಡಿನಲ್ಲಿ, ಗ್ರೀಸು ಮೆತ್ತಿಕೊಂಡು ನಿಂತಿದೆ.

ಶೆಡ್ಡು ನನ್ನ ಸೋದರಮಾವನದು. ಮನೆಗೆ ಅಂಟಿಕೊಂಡೇ ಇದೆ. ಅಡುಗೆಮನೆಯಿಂದ ಅತ್ತೆ ಕೂಗಿದರೆ ಲೇತ್ ಓಡ್ತಿದ್ದರೂ ಕೇಳಿಸುತ್ತೆ. ಮಾವ ವಯಸ್ಸಿನಲ್ಲಿ ಪೀಣ್ಯದಲ್ಲಿ ಟರ್ನರ್ ಆಗಿದ್ದೋರು. ಊರಿಗೆ ವಾಪಸ್ ಬರುವಾಗ ರಾಜ್‌ಕೋಟಿನಲ್ಲಿ ಮಾಡಿದ ಆರಡಿ ಲೇತ್ ಒಂದನ್ನೂ, ಆಮೇಲೆ ಸೆಕೆಂಡ್ ಹ್ಯಾಂಡ್ ಚಿಕ್ಕ ಮಿಲ್ಲಿಂಗ್ ಮಿಷನ್ ಒಂದನ್ನೂ ಹಾಕಿಕೊಂಡರು. ಮೋಟರಿನ ಶಾಫ್ಟು, ಟ್ರಾಕ್ಟರಿನ ಪಿನ್ನು, ಕಬ್ಬಿನ ಗಾಣದ ಬುಷ್ಷು, ಏನು ಕೆಟ್ಟರೂ ಜನ ಅಲ್ಲಿಗೇ ಬರ್ತಿದ್ರು. ಪಂಪ್‌ಸೆಟ್ ನಿಂತ ದಿನ ಊರಿನವರಿಗೆ ದೇವರಿಗಿಂತ ಮೊದಲು ಮಾವ ನೆನಪಾಗ್ತಿದ್ರು.

ಅರವತ್ತು ದಾಟಿದ ಮೇಲೆ ಮಾವನಿಗೆ ಕಣ್ಣು ಕೈಕೊಡೋಕೆ ಶುರುವಾಯ್ತು. ಪೊರೆ ತೆಗೆಸಿದ ಮೇಲೂ ಸಣ್ಣ ಗೆರೆಗಳು ಒಂದರ ಮೇಲೊಂದು ಕೂರ್ತವೆ ಅಂತಿದ್ರು. ಲೇತಿನಲ್ಲಿ ಟೂಲನ್ನು ಒಳಕ್ಕೆ ತಳ್ಳೋ ಹಿಡಿಯ ಹಿಂದೆ ಒಂದು ಬಳೆಯಂಥ ಡಯಲ್ ಇರುತ್ತೆ. ಅದರ ಮೇಲೆ ಕೂದಲಿನಂಥ ಗೆರೆಗಳು. ಒಂದು ಗೆರೆ ಅಂದ್ರೆ ಮಿಲಿಮೀಟರಿನ ಐವತ್ತನೇ ಒಂದು ಭಾಗ. ಅದನ್ನ ಓದೋ ಕೆಲಸ ಅತ್ತೆಗೆ ಬಿತ್ತು. ಒಂದು ಕೈಯಲ್ಲಿ ಮೊಬೈಲ್ ಟಾರ್ಚು, ಇನ್ನೊಂದು ಕೈಯಲ್ಲಿ ಸೆರಗು. "ಮೂವತ್ತೆರಡೋ ಮೂವತ್ನಾಲ್ಕೋ ಕಣ್ರೀ" ಅಂತ ಅತ್ತೆ, "ಅದು ಎರಡೋ ನಾಕೋ ಅನ್ನೋದ್ರಲ್ಲೇ ಬೇರಿಂಗ್ ಕೂರೋದು ಕಣೇ" ಅಂತ ಮಾವ. ಒಂದು ಹಬ್ಬಕ್ಕೆ ಊರಿಗೆ ಹೋದಾಗ ಮಾವ ತಣ್ಣಗೆ ಹೇಳಿದ್ರು: "ಗುಜರಿಯೋನು ಕೇಜಿ ಲೆಕ್ಕದಲ್ಲಿ ಕೇಳವ್ನೆ, ಕೊಟ್ಬಿಡ್ತೀನಿ ಅಳಿಯಾ."

ಡಿಆರ್‌ಒ ಅಂತ ಒಂದು ಉಪಾಯ ಇದೆ. ಡಿಜಿಟಲ್ ರೀಡ್ ಔಟ್. ಮಿಷನ್ನಿನ ಓಡಾಡೋ ಭಾಗಕ್ಕೆ ಒಂದು ಸ್ಕೇಲು ಜೋಡಿಸಿದರೆ, ಅದು ಎಷ್ಟು ದೂರ ಓಡಿತು ಅನ್ನೋದನ್ನ ಪರದೆಯ ಮೇಲೆ ಅಂಕಿಯಲ್ಲಿ ತೋರಿಸುತ್ತೆ. ದೊಡ್ಡ ಟೂಲ್‌ರೂಮುಗಳಲ್ಲಿ ಇದು ಹಳೇ ಸುದ್ದಿ. ಇದಕ್ಕೆ ಮುಖ್ಯ ಕಾರಣ ಕಣ್ಣಲ್ಲ, ಸ್ಕ್ರೂ. ಹಿಡಿ ತಿರುಗಿಸಿದರೆ ಒಳಗೆ ಒಂದು ಸ್ಕ್ರೂ ತಿರುಗಿ ನಟ್ಟನ್ನು ತಳ್ಳುತ್ತೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಎರಡರ ನಡುವೆ ಸಂದು ಬೀಳುತ್ತೆ. ಮಾವನ ಲೇತಿನಲ್ಲಿ ದಿಕ್ಕು ಬದಲಿಸಿದಾಗ ಕಾಲು ಸುತ್ತು ಹಿಡಿ ತಿರುಗಿದರೂ ಟೂಲ್ ಅಲ್ಲಾಡ್ತಿರಲಿಲ್ಲ. ಡಯಲ್ ಮಾತ್ರ ತನ್ನ ಪಾಡಿಗೆ ಲೆಕ್ಕ ಹಾಕ್ತಾ ಇರುತ್ತೆ. ಈ ಪ್ಲೇ ಮಾವನ ಕೈಗೆ ಬಾಯಿಪಾಠ, ಯಾವಾಗಲೂ ಒಂದೇ ಕಡೆಯಿಂದ ತಿರುಗಿಸಿಕೊಂಡು ಬರ್ತಿದ್ರು. ಡಿಆರ್‌ಒಗೆ ಅದರ ಗೊಡವೆಯೇ ಇಲ್ಲ. ಅದು ಸ್ಕ್ರೂವನ್ನ ಕೇಳೋದಿಲ್ಲ, ನೇರವಾಗಿ ಸ್ಲೈಡನ್ನೇ ಅಳೆಯುತ್ತೆ.

ಮನೆ ಮಿಷನ್ನಿಗೆ ಎರಡು ದಾರಿ. ಒಂದು, ಗಾಜಿನ ಸ್ಕೇಲು. ಗಾಜಿನ ಮೇಲೆ ಸಾಮಾನ್ಯವಾಗಿ 20 ಮೈಕ್ರಾನಿಗೆ ಒಂದರಂತೆ ಗೆರೆ ಇರುತ್ತೆ. ಬೆಳಕು ಹಾಯಿಸಿ ಗೆರೆ ಎಣಿಸಿ, ನಡುವಿನದ್ದನ್ನ ಭಾಗ ಮಾಡಿ 5 ಮೈಕ್ರಾನಿನವರೆಗೆ ಹೇಳುತ್ತೆ. ಚೀನಾ ಸೆಟ್ಟುಗಳು ಬಂದ ಮೇಲೆ ಇದರ ಬೆಲೆ ಬಹಳ ಇಳಿದಿದೆ. ಆದರೂ ಎರಡು ಆಕ್ಸಿಸ್ಸಿಗೆ ಹತ್ತು ಹದಿನೈದು ಸಾವಿರ ಬೇಕು, ಚಿಕ್ಕ ಲೇತಿನಲ್ಲಿ ಅದು ಕೂರೋ ಜಾಗವೂ ಕಷ್ಟ. ಇನ್ನೊಂದು, ಅಗ್ಗದ ಡಿಜಿಟಲ್ ಕ್ಯಾಲಿಪರಿನ ಒಳಗಿರೋ ಅದೇ ತಂತ್ರದ ಉದ್ದನೆ ಸ್ಕೇಲು. ಅದರ ಸ್ಟಿಕ್ಕರ್ ಕೆಳಗೆ ತಾಮ್ರದ ಚೌಕಗಳ ಸಾಲಿದೆ. ಮೇಲೆ ಜಾರೋ ತುಂಡಿನಲ್ಲೂ ತಾಮ್ರದ ಪಟ್ಟಿಗಳಿವೆ. ಜಾರಿದಂತೆ ಎರಡರ ನಡುವಿನ ಕೆಪಾಸಿಟೆನ್ಸ್ ಏರಿಳಿಯುತ್ತೆ, ಚಿಪ್ಪು ಅದನ್ನ ದೂರವಾಗಿ ಲೆಕ್ಕ ಹಾಕುತ್ತೆ. ತೋರಿಸೋದು 0.01 ಮಿ.ಮೀ.ವರೆಗೆ. ನಾನು ಇದನ್ನೇ ತರಿಸಿದೆ. ಆರ್ಡುಯಿನೊ ಬೋರ್ಡು, ಬ್ಲೂಟೂತ್, ವೈರು ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗೀತು. ಪರದೆಗೆ ನಮ್ಮನೆಯಲ್ಲಿ ಮೂಲೆ ಸೇರಿದ್ದ ಹಳೇ ಟ್ಯಾಬ್.

ಈ ಸ್ಕೇಲುಗಳು ಒಂದೂವರೆ ವೋಲ್ಟಿನ ಬಟನ್ ಸೆಲ್ಲಿನಲ್ಲಿ ಓಡ್ತವೆ, ಹೊರಗೆ ಬರೋ ಸಿಗ್ನಲ್ಲೂ ಅಷ್ಟೇ ಮೆತ್ತಗೆ. ಬೋರ್ಡಿಗೆ ಕೇಳಿಸಬೇಕಾದರೆ ನಡುವೆ ಟ್ರಾನ್ಸಿಸ್ಟರ್ ಹಾಕಿ ದನಿ ಏರಿಸಬೇಕು. ಮೋಟರ್ ಸ್ಟಾರ್ಟ್ ಆದಾಗ ಅಂಕಿ ಕುಣಿಯದಿರಲಿ ಅಂತ ಶೀಲ್ಡ್ ವೈರು, ಸರಿಯಾದ ಅರ್ಥಿಂಗು. ಕೂಲೆಂಟ್ ನೀರು ಬಿದ್ದರೆ ಈ ಜಾತಿ ಸ್ಕೇಲು ಹುಚ್ಚುಹುಚ್ಚಾಗಿ ಆಡುತ್ತೆ, ಅದಕ್ಕೇ ಮೇಲೊಂದು ತಗಡಿನ ಮುಚ್ಚಳ. ಎಲ್ಲಕ್ಕಿಂತ ಮುಖ್ಯ, ಸ್ಕೇಲು ಓಟಕ್ಕೆ ಸಮಾನಾಂತರ ಇರಬೇಕು. ಬರೀ 1 ಡಿಗ್ರಿ ಓರೆಯಾದರೆ 100 ಮಿ.ಮೀ. ಓಟದಲ್ಲಿ 0.015 ಮಿ.ಮೀ. ತಪ್ಪು ಸೇರಿಕೊಳ್ಳುತ್ತೆ. ಡಯಲ್ ಗೇಜ್ ಇಟ್ಟು ನೇರ ಮಾಡಿಕೊಟ್ಟಿದ್ದು ಮಾವನೇ. ಆ ಹೊತ್ತಿಗೆ ಗೊಣಗೋದು ನಿಲ್ಲಿಸಿದ್ರು.

ಲೇತಿನಲ್ಲಿ ಇನ್ನೊಂದು ಮಜಾ ಇದೆ. ಟೂಲ್ 0.1 ಒಳಕ್ಕೆ ಹೋದರೆ ಶಾಫ್ಟಿನ ದಪ್ಪ 0.2 ಇಳಿಯುತ್ತೆ, ಎರಡೂ ಬದಿ ತಿರುಗುತ್ತಲ್ಲ! ಆ ಗುಣಾಕಾರವನ್ನ ಕೋಡಿನಲ್ಲೇ ಹಾಕಿ, ನೇರವಾಗಿ ದಪ್ಪವೇ ಕಾಣೋ ಹಾಗೆ ಮಾಡಿದೆ. ಅಂಕಿ ಎರಡು ಇಂಚು ಎತ್ತರ. ಅತ್ತೆ ಅಡುಗೆಮನೆ ಬಾಗಿಲಿಂದಲೇ ಓದಿ ಹೇಳಿದ್ರು.

ಮಾವ ಹಾಗೆಲ್ಲ ಸುಲಭಕ್ಕೆ ನಂಬೋ ಆಸಾಮಿಯಲ್ಲ. ಹನ್ನೆರಡು ಮಿಲಿಮೀಟರಿನ ಹತ್ತಿರ ಬರೋ ಒಂದು ತೆಳ್ಳನೆ ರಾಡನ್ನ ಚಕ್ಕಿಗೂ ಸೆಂಟರಿಗೂ ಕೊಟ್ಟು, ಪರದೆಯಲ್ಲಿ 12.00 ಬರೋ ಹಾಗೆ ಟೂಲ್ ಕೂರಿಸಿ, ಒಂದೇ ಓಟದಲ್ಲಿ ಒಂದು ಗೇಣು ಟರ್ನ್ ಮಾಡಿದ್ರು. ಅಂಕಿ ಒಂಚೂರೂ ಅಲ್ಲಾಡಲಿಲ್ಲ. ಆಮೇಲೆ ಮೈಕ್ರೋಮೀಟರ್ ನನ್ನ ಕೈಗೆ ಕೊಟ್ಟು "ನೀನೇ ಹಿಡಿ" ಅಂದ್ರು. ಎರಡೂ ತುದಿಯಲ್ಲಿ 12.00 ಹತ್ತಿರ. ನಡುವೆ 12.06.

"ಯಾಕೆ ಹೇಳು?"

ನಾನು ಸ್ಕೇಲು ನೋಡಿದೆ, ವೈರು ನೋಡಿದೆ. ಮಾವ ನಕ್ಕರು. "ಅದೆಲ್ಲ ಸರಿಗೇ ಇದೆ ಕಣಪ್ಪಾ. ತೆಳ್ಳಗಿರೋ ರಾಡು, ಟೂಲ್ ಒತ್ತಿದಾಗ ನಡುವೆ ಬಗ್ಗಿ ಹಿಂದಕ್ಕೆ ಸರೀತದೆ. ನಿನ್ ಪರದೆ ಟೂಲ್ ಎಲ್ಲಿದೆ ಅಂತ ಹೇಳ್ತದೆ. ಕಬ್ಬಿಣ ಎಲ್ಲಿದೆ ಅಂತ ಅದಕ್ಕೇನು ಗೊತ್ತು?"

ಆ ಮಾತು ನನ್ನ ತಲೇಲಿ ಕೂತುಬಿಟ್ಟಿದೆ. ಡಿಆರ್‌ಒ ಹಾಕೋ ಹೊಸಬರಿಗೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ. ಪರದೆ ಎರಡು ದಶಾಂಶ ತೋರಿಸಿದ ಮಾತ್ರಕ್ಕೆ ಕೆಲಸ ಅಷ್ಟು ನಿಖರ ಆಗಲ್ಲ. ಲೆಕ್ಕ ಹಾಕಿ ನೋಡಿ. ಸ್ಕೇಲು 0.01ರ ಮೆಟ್ಟಿಲಲ್ಲಿ ಹತ್ತಿದರೆ ದಪ್ಪದ ಅಂಕಿ 0.02ರ ಮೆಟ್ಟಿಲಲ್ಲಿ ಹತ್ತುತ್ತೆ. ಪಂಪುಗಳಲ್ಲಿ ಬರೋ 6205 ಬೇರಿಂಗಿನ ಒಳವ್ಯಾಸ 25 ಮಿ.ಮೀ. ಅದು ಬಿಗಿಯಾಗಿ ಕೂರಬೇಕಾದರೆ ಶಾಫ್ಟು ಇಪ್ಪತ್ತೈದರ ಮೇಲೆ ಒಂದು ನೂರನೇ ಭಾಗದ ಆಸುಪಾಸಿನಲ್ಲಿ ನಿಲ್ಲಬೇಕು. ಪರದೆಯ ಒಂದು ಮೆಟ್ಟಿಲೇ ಅದಕ್ಕಿಂತ ದೊಡ್ಡದು! ಹಾಗಾಗಿ 25.10ರವರೆಗೆ ಪರದೆ ಕರ್ಕೊಂಡು ಹೋಗುತ್ತೆ. ಅಲ್ಲಿಂದ ಮುಂದಿನ ದಾರಿ ಮೈಕ್ರೋಮೀಟರಿನದು, ಎಮರಿ ಪೇಪರಿನದು, ಮಾವನ ಕೈಯದು. ಮೈಕ್ರೋಮೀಟರನ್ನ ಕಣ್ಣ ಹತ್ತಿರ, ಬೆಳಕಿಗೆ ಹಿಡಿದು ನೋಡಬಹುದು. ಓಡ್ತಿರೋ ಲೇತಿನ ಡಯಲ್ಲಿಗೆ ಮುಖ ಬಗ್ಗಿಸೋ ಹಾಗಿಲ್ಲ.

ಮಿಲ್ಲಿಂಗ್ ಮಿಷನ್ನಿಗೆ ಮುಂದಿನ ಸಲ ಎರಡು ಸ್ಕೇಲು ಹಾಕಿದೆ. ಅಲ್ಲಿ ಇದರ ಲಾಭ ಇನ್ನೂ ಜಾಸ್ತಿ. ಫ್ಲ್ಯಾಂಜಿಗೆ 100 ಮಿ.ಮೀ. ಪಿಸಿಡಿಯಲ್ಲಿ ಆರು ತೂತು ಬೇಕು ಅಂದ್ಕೊಳ್ಳಿ. ನಡುವನ್ನ ಸೊನ್ನೆ ಮಾಡಿದರೆ ಮೊದಲ ತೂತು 50, 0. ಎರಡನೇದು 25, 43.30. ಹೀಗೇ ಸುತ್ತ. ಬಿಇ ಮೊದಲ ವರ್ಷದಲ್ಲಿ ಉರು ಹೊಡೆದ ಸೈನು ಕೊಸೈನು ನನಗೆ ಮೊದಲ ಸಲ ಊಟ ಹಾಕಿದ್ದು ಅಲ್ಲೇ. ಮಾವ ಇದೇ ಕೆಲಸವನ್ನ ಕೈವಾರ, ಪಂಚು, ಸುತ್ತಿಗೆ ಇಟ್ಟುಕೊಂಡು ಮಾಡ್ತಿದ್ದೋರು. ಈಗ ಹಾಗೆ ಗುರುತು ಹಾಕಿಕೊಳ್ಳೋಕೆ ಕಣ್ಣು ಬಿಡಲ್ಲ.

ಊರಿನ ಒಬ್ಬ ಹುಡುಗ, ಐಟಿಐ ಮಾಡಿದೋನು, ಶೆಡ್ಡಿಗೆ ಬರ್ತಾ ಇದ್ದಾನೆ. ಅವನು ಪರದೆ ನೋಡಿ ತಟಕ್ಕನೆ ಕಲೀತಾನೆ ಅಂತ ನಾನಂದುಕೊಂಡಿದ್ದೆ. ಮಾವ ಅವನಿಗೆ ಮೊದಲ ಮೂರು ತಿಂಗಳು ಟ್ಯಾಬ್ ಆನ್ ಮಾಡೋಕೇ ಬಿಟ್ಟಿಲ್ಲ. ಕೇಳಿದ್ದಕ್ಕೆ, "ನನ್ನ ಕಣ್ಣಿಗೆ ಕನ್ನಡಕ ಬೇಕು ಸರಿ. ಅವನ ಕಣ್ಣಿಗೇನಾಗಿದೆ?" ಅಂದ್ರು. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಶೆಡ್ಡು ಅವರದು.

ನಿಮ್ಮ ಕಡೆಯೂ ಮನೆ ಪಕ್ಕ ಲೇತ್ ಇಟ್ಟುಕೊಂಡ ದೊಡ್ಡಪ್ಪನೋ ಭಾವನೋ ಇದ್ದರೆ, ದಪ್ಪ ಅಳೆಯೋ ಕ್ರಾಸ್ ಸ್ಲೈಡ್ ಒಂದಕ್ಕೇ ಮೊದಲು ಹಾಕಿ ನೋಡಿ. ಸೆಲ್ಲು ನಂಬಬೇಡಿ. ಅಗ್ಗದ ಸ್ಕೇಲುಗಳು ಆಫ್ ಮಾಡಿದ ಮೇಲೂ ಸೆಲ್ಲನ್ನ ಹೀರ್ತಾನೇ ಇರ್ತವೆ, ಒಂದು ಸಣ್ಣ ಪವರ್ ಸಪ್ಲೈ ಕೊಡಿ. ಹಳೇ ಡಯಲನ್ನ ಮಾತ್ರ ಬಿಚ್ಚಬೇಡಿ.

ಗುಜರಿಯವನು ಈಗಲೂ ಆ ರಸ್ತೇಲಿ ಬರ್ತಾನಂತೆ. ಹೋದ ತಿಂಗಳು ಅವನ ಆಟೋದ ಆಕ್ಸಲ್ ಪಿನ್ನು ಸವೆದು ಶೆಡ್ಡಿನ ಮುಂದೆ ನಿಲ್ಲಿಸಿದ್ದನಂತೆ. ಮಾವ ಟರ್ನ್ ಮಾಡಿಕೊಟ್ಟು, ಕೇಜಿ ಲೆಕ್ಕದಲ್ಲಿ ದುಡ್ಡು ಕೇಳಿದ್ರಂತೆ.