ನಾನು ಹಾಕದೇ ಉಳಿದ ಒಂದು ಸಹಿ

ಕಳೆದ ತಿಂಗಳು ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಹಾವೇರಿಯ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ಇಬ್ಬರು ಹುಡುಗರು, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ಅದರಲ್ಲಿರುವುದು ಅಂಕಪಟ್ಟಿಗಳೆಂದು ಹೇಳಲು ನನ್ನಂಥ ಮೇಷ್ಟ್ರಿಗೆ ಫೈಲು ಬಿಚ್ಚಿ ನೋಡಬೇಕಾಗಿಲ್ಲ. "ಎಲ್ಲಿಗೆ ಹೊರಟಿರೆಪಾ?" ಎಂದೆ. "ಹಾವೇರಿಗ್ರಿ ಸರ್, ತರಬೇತಿಗೆ ಹೆಸರು ಕೊಡಾಕ. ಇಂವಂದು ಮೊಬೈಲ್ ರಿಪೇರಿ, ನಂದು ಮೋಟಾರ್ ರಿವೈಂಡಿಂಗ್" ಎಂದನೊಬ್ಬ.

ಮೋಟಾರ್ ರಿವೈಂಡಿಂಗ್ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಮನಸ್ಸು 1988ಕ್ಕೆ ಹೋಯಿತು. ಈ ಪ್ರಸಂಗವನ್ನು ನಾನು ಯಾವ ತರಗತಿಯಲ್ಲಿಯೂ ಹೇಳಿದವನಲ್ಲ. ಹೇಳಿಕೊಳ್ಳುವಂತಹ ಸಂಗತಿಯೂ ಅದಾಗಿರಲಿಲ್ಲ.

ಆಗ ನಮ್ಮದು ಇನ್ನೂ ಧಾರವಾಡ ಜಿಲ್ಲೆ. ನಾನು ಬಿ.ಎಡ್. ಮುಗಿಸಿ ನೌಕರಿಗೆ ಸೇರಿ ಕೆಲವೇ ವರ್ಷಗಳಾಗಿದ್ದವು. ನನ್ನ ವಿದ್ಯಾರ್ಥಿಯೊಬ್ಬ ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಎರಡು ಸಲ ಅನುತ್ತೀರ್ಣನಾಗಿದ್ದ. ಆದರೆ ಶಾಲೆಯ ರೇಡಿಯೋ ಕೆಟ್ಟರೆ ಸರಿಪಡಿಸಲು ಅವನೇ ಬೇಕು. ಗ್ರಾಮೀಣ ಯುವಕರಿಗೆ ಸ್ವಯಂ ಉದ್ಯೋಗದ ತರಬೇತಿ ನೀಡುವ 'ಟ್ರೈಸೆಮ್' ಯೋಜನೆಯನ್ನು ಕೇಂದ್ರ ಸರಕಾರವು 1979ರಲ್ಲಿ ಆರಂಭಿಸಿತ್ತು. 18ರಿಂದ 35 ವಯಸ್ಸಿನ ಬಡ ಕುಟುಂಬದ ಯುವಕರಿಗೆ ತರಬೇತಿ, ಶಿಷ್ಯವೇತನ, ಉಪಕರಣ, ಬಳಿಕ ಬ್ಯಾಂಕಿನ ಸಾಲ ಎಂಬುದು ಅದರ ಕ್ರಮ. ಅವನ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಭತ್ತದ ಸೀಮೆ ನಮ್ಮದು, ಪಂಪ್‌ಸೆಟ್ಟುಗಳು ಹೆಚ್ಚುತ್ತಿದ್ದ ಕಾಲ. ಹುಡುಗ ಬದುಕಿಕೊಳ್ಳುವನೆಂದು ಹಿಗ್ಗಿದೆ.

ತರಬೇತಿ ಮುಗಿಸಿ ಬಂದ. ಉಪಕರಣದ ಪೆಟ್ಟಿಗೆಯೂ ಬಂತು. ಅಂಗಡಿಗೆ ಸಾಲ ಕೇಳಿದಾಗ ಬ್ಯಾಂಕಿನವರು ಸಂಬಳದಾರರೊಬ್ಬರ ಜಾಮೀನು ಬೇಕೆಂದರು. ಒಂದು ಸಂಜೆ ಮನೆಗೆ ಬಂದು ಬಾಗಿಲಲ್ಲೇ ನಿಂತು, "ಸರ್, ನೀವೊಂದು ಸಹಿ ಮಾಡಿದ್ರ ಸಾಕ್ರಿ. ಒಂದು ಕಂತೂ ತಪ್ಪಸಂಗಿಲ್ಲ" ಎಂದ. ನಾನು "ತಂಗಿಯ ಮದುವೆ ಅದ ತಮ್ಮಾ, ಮುಂದಿನ ವಾರ ಬಾ, ನೋಡೋಣು" ಎಂದೆ. ಮುಂದಿನ ವಾರ ಬಂದಾಗಲೂ ಅದೇ ಮಾತು. ಮೂರನೆಯ ವಾರ ಅವನು ಬರಲಿಲ್ಲ.

ಮದುವೆ ನೆಪವಷ್ಟೇ. ಅವನನ್ನು ತರಬೇತಿಗೆ ಕಳಿಸುವಷ್ಟು ನಂಬಿಕೆ ನನಗಿತ್ತು, ಸಂಬಳವನ್ನು ಒಡ್ಡುವಷ್ಟು ಇರಲಿಲ್ಲ. ಅದೇ ವರ್ಷ ಜನವರಿ 12ರ ರಾಷ್ಟ್ರೀಯ ಯುವ ದಿನದಂದು ಸ್ವಾವಲಂಬನೆಯ ಕುರಿತು ಮುಕ್ಕಾಲು ಗಂಟೆ ಭಾಷಣ ಮಾಡಿದವನೂ ನಾನೇ! ಕೆಲ ದಿನಗಳ ಮೇಲೆ ಅವನ ತಾಯಿ ಸಂತೆಯಲ್ಲಿ ಸಿಕ್ಕು, "ಅಂವ ಗೋವಾಕ್ಕ ದುಡಿಯಾಕ ಹೋದನ್ರಿ ಸರ್. ಪೆಟ್ಟಿಗಿ ಅಟ್ಟದ ಮ್ಯಾಲ ಇಟ್ಟೇನಿ" ಎಂದರು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಅದಕ್ಕಾಗಿಯೇ ಅದು ಇಂದಿಗೂ ಮರೆತಿಲ್ಲ.

ಅನೇಕ ವರ್ಷಗಳ ನಂತರ ಮಕ್ಕಳ ಪ್ರವಾಸದೊಂದಿಗೆ ಧರ್ಮಸ್ಥಳಕ್ಕೆ ಹೋದಾಗ ಸಮೀಪದ ಉಜಿರೆಯ ರುಡ್‌ಸೆಟ್ ಸಂಸ್ಥೆಯನ್ನು ಕಂಡೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಅಂಶ. ಅಲ್ಲಿ ತರಬೇತಿ ಕೆಲವೇ ವಾರಗಳದ್ದು. ಆಮೇಲಿನ ಬೆನ್ನಾಸರೆ ಎರಡು ವರ್ಷಗಳದ್ದು. ಕಲಿತವನು ಅಂಗಡಿ ತೆರೆದನೇ, ಬ್ಯಾಂಕು ಸಾಲ ಕೊಟ್ಟಿತೇ, ಎಲ್ಲಿ ಎಡವಿದ ಎಂದು ಸಂಸ್ಥೆಯವರೇ ಬೆನ್ನು ಹತ್ತಿ ವಿಚಾರಿಸುತ್ತಾರೆ. ನಮ್ಮ ಹುಡುಗನಿಗೆ ದೊರೆಯದೇ ಹೋದದ್ದು ಅದೇ. ಟ್ರೈಸೆಮ್ 1999ರಲ್ಲಿ ಬೇರೆ ಯೋಜನೆಯೊಳಗೆ ವಿಲೀನವಾಯಿತು. ಉಜಿರೆಯ ಮಾದರಿಯನ್ನು ಒಪ್ಪಿದ ಕೇಂದ್ರ ಸರಕಾರ 2009ರಲ್ಲಿ ಜಿಲ್ಲೆಗೊಂದರಂತೆ ಇಂತಹ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ತೆರೆಯಲು ಮುಂದಾಯಿತು. ಆ ಇಬ್ಬರು ಹುಡುಗರು ಹೊರಟಿದ್ದುದು ಅಂತಹುದಕ್ಕೇ.

2012ರಲ್ಲಿ ಹೊಲಿಗೆ ಕಲಿತು ಬಂದ ನನ್ನ ವಿದ್ಯಾರ್ಥಿನಿಯೊಬ್ಬಳ ಜೊತೆಗೆ ನಾನೇ ಬ್ಯಾಂಕಿಗೆ ಹೋದೆ. ಆ ಮೇಲೆ ತಿಂಗಳಿಗೊಮ್ಮೆ ಅವಳ ಲೆಕ್ಕದ ಪುಸ್ತಕ ನೋಡುವುದನ್ನು ರೂಢಿ ಮಾಡಿಕೊಂಡೆ. ಆರನೆಯ ತಿಂಗಳಿಗೆ "ಸಾಕ್ರಿ ಸರ್, ಮುಚ್ಚತೇನಿ" ಎಂದಳು. ಲೆಕ್ಕ ತೆಗೆದು ನೋಡಿದರೆ ಕೆಲಸಕ್ಕೆ ಬರವಿಲ್ಲ, ಇರುವುದೆಲ್ಲ ಉದ್ರಿ! ನೆರೆಹೊರೆಯವರನ್ನು ಕೇಳಲು ಅವಳಿಗೆ ಸಂಕೋಚ. "ಬಟ್ಟೆ ಪಡೆಯುವಾಗಲೇ ಅರ್ಧ ಹಣ" ಎಂದು ರಟ್ಟಿನ ಮೇಲೆ ಬರೆದು ನೇತುಹಾಕಿದೆವು. ಈಗ ಅಲ್ಲಿ ಮೂರು ಯಂತ್ರಗಳಿವೆ. ಹೊಲಿಗೆಯ ಗಂಧವೂ ಅರಿಯದ ನಾನು ಮಾಡಿದ್ದು ಹೋಗಿ ಕುಳಿತದ್ದಷ್ಟೇ.

ಇಂದು ಕಾಲ ಬದಲಾಗಿದೆ. 2015ರಲ್ಲಿ ಬಂದ ಮುದ್ರಾ ಯೋಜನೆಯ ಸಾಲಕ್ಕೆ ಅಡಮಾನ ಬೇಕಿಲ್ಲ. ನಮ್ಮ ರಾಜ್ಯದ ಯುವನಿಧಿಯು 2024ರ ಜನವರಿಯಿಂದ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ ಕೊಡಲಾರಂಭಿಸಿತು. ಇವೆಲ್ಲ ಬೇಕಾದವೇ. ಆದರೆ ಹಣವು ಆರನೆಯ ತಿಂಗಳಿನಲ್ಲಿ ಪಕ್ಕಕ್ಕೆ ಬಂದು ಕುಳಿತು "ಯಾಕಮ್ಮಾ, ಏನಾತು?" ಎಂದು ಕೇಳುವುದಿಲ್ಲ. ಕೇಳಲು ಮನುಷ್ಯರೇ ಬೇಕು.

ಗೋವಾಕ್ಕೆ ಹೋದವನು 2016ರಲ್ಲಿ ಒಂದು ಮದುವೆಯಲ್ಲಿ ಸಿಕ್ಕಿದ್ದ. ಕಾಲು ಮುಟ್ಟಿ ನಮಸ್ಕರಿಸಿ, ಮಗ ಐಟಿಐ ಓದುತ್ತಿರುವುದನ್ನು ಸಂತೋಷದಿಂದ ಹೇಳಿದ. ಆ ಸಹಿಯ ಮಾತನ್ನು ಅವನು ಎತ್ತಲಿಲ್ಲ. ಎತ್ತಬೇಕಾದವನು ನಾನು, ನನಗೂ ಧೈರ್ಯ ಸಾಲಲಿಲ್ಲ. ಇದನ್ನು ಅವನು ಓದಿದರೆ, ತಮ್ಮಾ, ತಪ್ಪು ನನ್ನದು.

ಬಸ್ಸು ಬಂದಾಗ ಆ ರಿವೈಂಡಿಂಗ್ ಹುಡುಗನ ಫೈಲಿನ ಮೇಲೆ ನನ್ನ ಫೋನ್ ನಂಬರು ಬರೆದುಕೊಟ್ಟು, ಬ್ಯಾಂಕಿಗೆ ಹೋಗುವ ದಿನ ತಿಳಿಸಲು ಹೇಳಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬ್ಯಾಂಕಿನವರು, ಅಂಗಡಿಕಾರರು, ನೌಕರರು ಎಲ್ಲರೂ ಇದ್ದೀರಿ. ನಿಮ್ಮೂರಿನ ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಎರಡು ವರ್ಷ ಜೊತೆಯಾಗಿರಿ. ಗುರುದಕ್ಷಿಣೆ ಎಂದು ನಾನು ಇದುವರೆಗೆ ನಿಮ್ಮಲ್ಲಿ ಏನನ್ನೂ ಕೇಳಿಲ್ಲ. ಇದೊಂದನ್ನು ಕೇಳುತ್ತಿದ್ದೇನೆ.